ನಾವಿಕನ ಕೈಯಂತ್ರವೂ ಅದರ ಕಳೆದುಹೋದ ವಿದ್ಯೆಯೂ

ಹಳೆಯ ಪದಾರ್ಥಗಳಲ್ಲಿ ಕೆಲವು ಒಂಟಿಯಾಗಿ ದೊರೆತರೂ ತಮ್ಮ ಕೆಲಸವನ್ನು ಮಾಡಿಕೊಡುತ್ತವೆ. ಅಟ್ಟದ ಮೇಲೆ ನಲವತ್ತು ವರ್ಷ ಬಿದ್ದಿದ್ದ ತಾಮ್ರದ ಹಂಡೆಯನ್ನು ಇಳಿಸಿ, ಹುಣಿಸೆಹಣ್ಣಿನಿಂದ ತಿಕ್ಕಿ, ನೀರು ತುಂಬಿ ಒಲೆಗಿಟ್ಟರೆ ಹಿಂದಿನಂತೆಯೇ ನೀರು ಕಾಯುತ್ತದೆ. ಇನ್ನು ಕೆಲವು ಪದಾರ್ಥಗಳ ಸ್ಥಿತಿ ಹಾಗಲ್ಲ. ಅವುಗಳ ಮೈ ಉಳಿದಿದ್ದರೂ ವಿದ್ಯೆಯು ಬೇರೆಯೆಲ್ಲಿಯೋ ಇದ್ದು, ಅದನ್ನು ತಂದು ಕೂಡಿಸುವವರೆಗೆ ಅವು ನಿರುಪಯುಕ್ತವಾಗಿಯೇ ಇರುತ್ತವೆ. ೧೯೭೦ರ ದಶಕದಲ್ಲಿ ನಾವಿಕರು ಅಂಗೈಯಲ್ಲಿ ಹಿಡಿದು ಕಡಲಿನ ಮೇಲೆ ತಮ್ಮ ಸ್ಥಾನವನ್ನು ಗಣಿಸುತ್ತಿದ್ದ, ಪ್ರೋಗ್ರಾಮುಗಳನ್ನು ತುಂಬಬಹುದಾದ ಕ್ಯಾಲ್ಕ್ಯುಲೇಟರುಗಳು ಈ ಎರಡನೆಯ ಜಾತಿಗೆ ಸೇರಿದವು.

ಇಂಗ್ಲೆಂಡಿನ ನೈಋತ್ಯ ಮೂಲೆಯಲ್ಲಿ, ಕಾರ್ನ್‌ವಾಲ್ ಪ್ರಾಂತದಲ್ಲಿ, ಫಾಲ್ಮತ್ ಎಂಬ ರೇವುಪಟ್ಟಣವಿದೆ. ರಾಬಿನ್ ನಾಕ್ಸ್-ಜಾನ್‌ಸ್ಟನ್ ಎಂಬಾತನು ಎಲ್ಲಿಯೂ ತಂಗದೆ ಒಬ್ಬನೇ ಹಾಯಿದೋಣಿಯಲ್ಲಿ ಭೂಪ್ರದಕ್ಷಿಣೆ ಮಾಡಿದವರಲ್ಲಿ ಮೊದಲಿಗನೆನ್ನಿಸಿಕೊಂಡು ೧೯೬೯ರ ಏಪ್ರಿಲಿನಲ್ಲಿ ಬಂದು ಸೇರಿದುದು ಈ ರೇವನ್ನೇ. ಅಂಥ ಊರಿನಲ್ಲಿ ಹಡಗಿನ ಉದ್ಯೋಗದಿಂದ ನಿವೃತ್ತನಾದ ವೃದ್ಧನೊಬ್ಬನಿದ್ದಾನೆಂದು ವಾಚಕರು ಭಾವಿಸಿಕೊಳ್ಳಲಿ. ಇಂತಹವರು ಇಂಗ್ಲೆಂಡಿನಲ್ಲಿಯೂ ಅಮೆರಿಕದಲ್ಲಿಯೂ ಇನ್ನಿತರ ದೇಶಗಳಲ್ಲಿಯೂ ಇರುವುದರಿಂದ ಯಾರೊಬ್ಬನ ಹೆಸರನ್ನೂ ಹಿಡಿದು ಹೇಳಬೇಕಾದುದಿಲ್ಲ. ಮೇಜಿನ ಕೆಳಗಣ ಪೆಟ್ಟಿಗೆಯನ್ನು ಒಂದು ದಿನ ಶೋಧಿಸುತ್ತಿರುವಾಗ ಅವನಿಗೆ ತನ್ನ ಹಳೆಯ ಎಚ್.ಪಿ. ೬೭ ಎಂಬ ಯಂತ್ರವು ದೊರೆಯಿತು. ಹೊಸ ಬ್ಯಾಟರಿಗಳನ್ನು ಹಾಕಿಸಿ ಗುಂಡಿಯನ್ನು ಸರಿಸಿದೊಡನೆ ಗಾಜಿನ ಹಿಂದೆ ಕೆಂಪು ಅಕ್ಷರಗಳಲ್ಲಿ ಸೊನ್ನೆಯು ಬೆಳಗಿತು. ಕೂಡಿಸಿದರೆ ಕೂಡಿತು, ಭಾಗಿಸಿದರೆ ಭಾಗಿಸಿತು. ಆದರೆ ಸೂರ್ಯನನ್ನು ಅಳೆದ ಕೋನವೊಂದನ್ನು ಕೊಟ್ಟು, ‘ಹಡಗು ಎಲ್ಲಿದೆ?’ ಎಂದು ಕೇಳುವುದಕ್ಕೆ ಬೇಕಾದ ಕಾರ್ಡುಗಳು ಪೆಟ್ಟಿಗೆಯಲ್ಲಿರಲಿಲ್ಲ. ಮನೆ ಬದಲಾಯಿಸಿದ ಯಾವ ಸಲ ಅವು ಕಸದ ಪಾಲಾದುವೋ ತಿಳಿಯದು. ಅಂದಿನಿಂದ ಅವನ ಹುಡುಕಾಟವು ಆರಂಭವಾಯಿತು.

ಈ ಹುಡುಕಾಟದ ಬೆಲೆಯನ್ನು ತಿಳಿಯಬೇಕಾದರೆ ಸಮುದ್ರಗಣಿತದ ಸ್ವರೂಪವನ್ನು ಸ್ವಲ್ಪ ಅರಿತುಕೊಳ್ಳಬೇಕು. ನೆಲದ ಮೇಲೆ ದಾರಿ ತಪ್ಪಿದವನು ಎದುರಿಗೆ ಬಂದವರನ್ನು ಕೇಳಬಹುದು. ನಡುಗಡಲಿನಲ್ಲಿ ಕೇಳಬೇಕಾದುದು ಸೂರ್ಯ ಚಂದ್ರ ನಕ್ಷತ್ರಗಳನ್ನೇ. ಸೆಕ್ಸ್‌ಟೆಂಟ್ ಎಂಬ ಕನ್ನಡಿಯ ಉಪಕರಣದಿಂದ ನಾವಿಕನು ಸೂರ್ಯನು ದಿಗಂತದಿಂದ ಎಷ್ಟು ಮೇಲಿದ್ದಾನೆಂಬ ಉನ್ನತಾಂಶವನ್ನು ಅಳೆಯುತ್ತಾನೆ. ಅದೇ ಕ್ಷಣದಲ್ಲಿ ಗಡಿಯಾರವನ್ನು ನೋಡಿ ವೇಳೆಯನ್ನು ಬರೆದುಕೊಳ್ಳುತ್ತಾನೆ. ಭೂಮಿಯು ಗಂಟೆಗೆ ೧೫ ಡಿಗ್ರಿಗಳಂತೆ ತಿರುಗುವುದಾದುದರಿಂದ ಗಡಿಯಾರದಲ್ಲಿ ೪ ಸೆಕೆಂಡು ತಪ್ಪಿದರೆ ರೇಖಾಂಶದಲ್ಲಿ ಒಂದು ಕಲೆ ತಪ್ಪುತ್ತದೆ. ಭೂಮಧ್ಯರೇಖೆಯ ಬಳಿಯಲ್ಲಿ ಅದು ಒಂದು ನಾವಿಕ ಮೈಲಿ, ಎಂದರೆ ೧೮೫೨ ಮೀಟರು.

ಒಂದೇ ಒಂದು ಅಳತೆಯಿಂದ ಹಡಗು ಇರುವ ಬಿಂದುವು ತಿಳಿಯದು, ಹಡಗು ಇರಬಹುದಾದ ಒಂದು ರೇಖೆಯು ಮಾತ್ರ ತಿಳಿಯುತ್ತದೆ. ಇದನ್ನು ಕಂಡುಕೊಂಡವನು ಥಾಮಸ್ ಸಮ್ನರ್ ಎಂಬ ಅಮೆರಿಕದ ಕಪ್ತಾನ. ೧೮೩೭ರ ಡಿಸೆಂಬರಿನಲ್ಲಿ ಅವನು ಚಾರ್ಲ್ಸ್‌ಟನ್ನಿನಿಂದ ಸ್ಕಾಟ್ಲೆಂಡಿನ ಗ್ರೀನಕ್ಕಿಗೆ ಹೋಗುತ್ತಿದ್ದಾಗ, ಅಪಾಯಕರವಾದ ತೀರದ ಸಮೀಪದಲ್ಲಿ ಮೋಡಗಳ ನಡುವೆ ಸೂರ್ಯನು ಒಮ್ಮೆ ಮಾತ್ರ ಕಾಣಿಸಿಕೊಂಡನು. ತನ್ನ ಅಕ್ಷಾಂಶವು ನಿಶ್ಚಯವಾಗಿ ತಿಳಿಯದಿದ್ದುದರಿಂದ ಸಮ್ನರನು ಮೂರು ಅಕ್ಷಾಂಶಗಳನ್ನು ಊಹಿಸಿ ಮೂರು ಸಲ ಗಣಿಸಿದನು. ದೊರೆತ ಮೂರು ಬಿಂದುಗಳೂ ಒಂದೇ ಗೆರೆಯಲ್ಲಿ ಬಿದ್ದುವು. ಆ ಗೆರೆಯು ಸ್ಮಾಲ್ಸ್ ಎಂಬ ದೀಪಸ್ತಂಭದ ಮೇಲೆ ಹಾಯುತ್ತಿತ್ತು. ಆ ಗೆರೆಯನ್ನೇ ಹಿಡಿದು ನಡೆದಾಗ ದೀಪವು ಎದುರಿಗೆ ಕಂಡಿತು. ೧೮೭೫ರಲ್ಲಿ ಮಾರ್ಕ್ ಸಾಂತಿಲೇರ್ ಎಂಬ ಫ್ರೆಂಚ್ ನೌಕಾಧಿಕಾರಿಯು ಈ ಮಾರ್ಗವನ್ನು ಇನ್ನೂ ಸುಲಭಗೊಳಿಸಿದನು. ಹಡಗು ಇಂಥಲ್ಲಿದೆಯೆಂದು ಊಹಿಸಿ, ಅಲ್ಲಿಂದ ಸೂರ್ಯನು ಎಷ್ಟು ಎತ್ತರದಲ್ಲಿ ಕಾಣಬೇಕಾಗಿತ್ತೆಂಬುದನ್ನು ಗಣಿಸುವುದು. ಕಂಡ ಎತ್ತರದೊಡನೆ ಅದನ್ನು ಹೋಲಿಸುವುದು. ಎಷ್ಟು ಕಲೆಗಳ ವ್ಯತ್ಯಾಸವೋ ಅಷ್ಟು ಮೈಲಿ ಸೂರ್ಯನ ಕಡೆಗೋ ಅದಕ್ಕೆ ವಿರುದ್ಧವಾಗಿಯೋ ಸರಿದು, ಅಲ್ಲಿ ಅಡ್ಡಗೆರೆಯನ್ನು ಎಳೆಯುವುದು. ಇಂದಿಗೂ ಪ್ರಚಾರದಲ್ಲಿರುವ ಕ್ರಮವು ಇದೇ.

ಆ ಗಣಿತದ ಸೂತ್ರವು ನಮ್ಮ ಜ್ಯೋತಿಷ ಸಿದ್ಧಾಂತಗಳನ್ನು ಓದಿದವರಿಗೆ ಹೊಸತೆನಿಸದು. ಅಕ್ಷಾಂಶದ ಜ್ಯೆಯನ್ನು ಕ್ರಾಂತಿಯ ಜ್ಯೆಯಿಂದ ಗುಣಿಸಿ ಒಂದೆಡೆ ಇಟ್ಟುಕೊಳ್ಳಬೇಕು. ಅಕ್ಷಾಂಶದ ಕೋಟಿಜ್ಯೆ, ಕ್ರಾಂತಿಯ ಕೋಟಿಜ್ಯೆ, ಮಧ್ಯಾಹ್ನರೇಖೆಯಿಂದ ಸೂರ್ಯನಿಗಿರುವ ಹೋರಾಕೋನದ ಕೋಟಿಜ್ಯೆ, ಈ ಮೂರನ್ನೂ ಗುಣಿಸಿ ಮೊದಲಿನದಕ್ಕೆ ಕೂಡಿಸಿದರೆ ಬರುವುದೇ ಉನ್ನತಾಂಶದ ಜ್ಯಾ. ಜ್ಯಾ ಎಂಬ, ಜೀವಾ ಎಂಬ ನಮ್ಮ ಶಬ್ದವೇ ಅರಬರ ಬಾಯಲ್ಲಿ ರೂಪಾಂತರ ಹೊಂದಿ, ಅಲ್ಲಿಂದ ಲ್ಯಾಟಿನ್ನಿಗೆ ಅನುವಾದವಾಗುವಾಗ ಅರ್ಥವನ್ನೂ ಕಳೆದುಕೊಂಡು ‘ಸೈನ್’ ಆಯಿತಷ್ಟೆ. ಸೂತ್ರವು ಎರಡು ಪಂಕ್ತಿಗಳದ್ದಾದರೂ ಓಲಾಡುವ ಹಡಗಿನಲ್ಲಿ, ನಿದ್ದೆಗೆಟ್ಟ ಕಣ್ಣುಗಳಿಂದ, ಲಾಗರಿತಮ್ ಕೋಷ್ಟಕಗಳನ್ನು ತಿರುವಿ ತಪ್ಪಿಲ್ಲದೆ ಗಣಿಸುವುದು ಸಾಮಾನ್ಯ ಶ್ರಮವಲ್ಲ. ಈ ಶ್ರಮವನ್ನು ತಪ್ಪಿಸುವುದಕ್ಕಾಗಿ ಸರ್ಕಾರಗಳು ಸಂಪುಟಗಟ್ಟಲೆ ಕೋಷ್ಟಕಗಳನ್ನು ಅಚ್ಚು ಹಾಕಿಸಿದುವು. ನಾವಿಕರು ಅವನ್ನು ಹೊತ್ತು ತಿರುಗಿದರು.

೧೯೭೨ರಲ್ಲಿ ಹ್ಯೂಲೆಟ್-ಪ್ಯಾಕರ್ಡ್ ಎಂಬ ಅಮೆರಿಕದ ಸಂಸ್ಥೆಯು ಎಚ್.ಪಿ. ೩೫ ಎಂಬ ಯಂತ್ರವನ್ನು ಹೊರತಂದಿತು. ಬೆಲೆ ೩೯೫ ಡಾಲರು. ಜೇಬಿನಲ್ಲಿ ಹಿಡಿಯುವ ಯಂತ್ರವೊಂದು ಜ್ಯಾ ಕೋಟಿಜ್ಯೆಗಳನ್ನು ಗುಂಡಿ ಒತ್ತಿದಾಗ ಕೊಡುವುದೆಂಬುದು ಅದೇ ಮೊದಲು. ೧೯೭೪ರಲ್ಲಿ ಬಂದ ಎಚ್.ಪಿ. ೬೫ ಇನ್ನೂ ಮುಂದೆ ಹೋಯಿತು. ೧೦೦ ಹೆಜ್ಜೆಗಳವರೆಗಿನ ಪ್ರೋಗ್ರಾಮನ್ನು, ಎಂದರೆ ಇಂತಿಂಥ ಗುಂಡಿಗಳನ್ನು ಇಂತಿಂಥ ಕ್ರಮದಲ್ಲಿ ತಾನೇ ಒತ್ತಿಕೊಂಡಂತೆ ನಡೆಯತಕ್ಕದ್ದೆಂಬ ವಿಧಿಯನ್ನು, ಅದು ನೆನಪಿಟ್ಟುಕೊಳ್ಳುತ್ತಿತ್ತು. ಬೆರಳಿನಷ್ಟು ಅಗಲದ ಅಯಸ್ಕಾಂತದ ಕಾರ್ಡಿನ ಮೇಲೆ ಬರೆದಿಡುತ್ತಿತ್ತು. ಬೇಕಾದಾಗ ಆ ಕಾರ್ಡನ್ನು ಒಳಕ್ಕೆ ಎಳೆದುಕೊಂಡು ಓದುತ್ತಿತ್ತು. ಓದಿ ಹೊರಬಂದ ಕಾರ್ಡನ್ನು ಮೇಲಿನ ಸಾಲಿನ ಐದು ಗುಂಡಿಗಳ ಮೇಲೆ ಸಿಕ್ಕಿಸಿದರೆ, ಅದರ ಮೇಲೆ ಬರೆದ ಹೆಸರುಗಳೇ ಆ ಗುಂಡಿಗಳ ಹೆಸರುಗಳಾಗುತ್ತಿದ್ದುವು. ೧೯೭೫ರ ಜುಲೈಯಲ್ಲಿ ಅಮೆರಿಕದ ಅಪೊಲೊ ನೌಕೆಯೂ ರಷ್ಯದ ಸೋಯುಜ್ ನೌಕೆಯೂ ಆಕಾಶದಲ್ಲಿ ಕೂಡಿಕೊಂಡಾಗ ಅಪೊಲೊದಲ್ಲಿ ಈ ಯಂತ್ರವೂ ಹೋಗಿತ್ತು. ೧೯೭೬ರ ಎಚ್.ಪಿ. ೬೭ರಲ್ಲಿ ಹೆಜ್ಜೆಗಳು ೨೨೪ಕ್ಕೆ ಏರಿದುವು. ಮರುವರ್ಷ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆಯ ಟಿ.ಐ. ೫೯ ಎಂಬುದು ೯೬೦ ಹೆಜ್ಜೆಗಳವರೆಗೆ ಅವಕಾಶವನ್ನು ಕೊಟ್ಟಿತು. ೧೯೭೯ರಲ್ಲಿ ಎಚ್.ಪಿ. ೪೧ಸಿ ಬಂದಿತು, ಅಂಕಿಗಳಲ್ಲದೆ ಅಕ್ಷರಗಳನ್ನೂ ತೋರಿಸಬಲ್ಲುದಾಗಿದ್ದುದರಿಂದ ಅದು ತನಗೆ ಬೇಕಾದುದನ್ನು ಹೆಸರು ಹೇಳಿಯೇ ಕೇಳುತ್ತಿತ್ತು. ಈ ಒಂದು ಗುಣವು ಎಷ್ಟು ದೊಡ್ಡದೆಂಬುದು ಮುಂದೆ ತಿಳಿಯುವುದು.

ಎಚ್.ಪಿ. ಯಂತ್ರಗಳ ಒಂದು ವೈಚಿತ್ರ್ಯವನ್ನು ಇಲ್ಲಿ ಹೇಳದಿರಲಾಗದು. ಅವುಗಳಲ್ಲಿ ‘ಸಮ’ ಎಂಬ ಗುಂಡಿಯೇ ಇಲ್ಲ. ಎರಡು, ಮೂರು ಎಂದು ಸಂಖ್ಯೆಗಳನ್ನು ಮೊದಲು ಕೊಟ್ಟು, ಕೂಡಿಸು ಎಂಬ ಆಜ್ಞೆಯನ್ನು ಕೊನೆಯಲ್ಲಿ ಕೊಡಬೇಕು. ಪೋಲೆಂಡಿನ ತಾರ್ಕಿಕನಾದ ಯಾನ್ ಲುಕಾಸಿಯೆವಿಚನ ಸಂಕೇತಕ್ರಮವನ್ನು ತಿರುಗುಮುರುಗು ಮಾಡಿದ ರೀತಿಯಿದು. ಇಂಗ್ಲಿಷರಿಗೂ ಅಮೆರಿಕನರಿಗೂ ಇದು ಬಹಳ ವಿಪರೀತವಾಗಿ ಕಂಡಿತಂತೆ. ಕನ್ನಡಿಗನಿಗೆ ಹಾಗೆ ಕಾಣಲು ಕಾರಣವಿಲ್ಲ. ‘ಎರಡಕ್ಕೆ ಮೂರನ್ನು ಕೂಡಿಸು’ ಎಂದು ಕ್ರಿಯಾಪದವನ್ನು ಕಡೆಯಲ್ಲಿಡುವುದೇ ಅವನ ಮಾತಿನ ಸಹಜಕ್ರಮವಲ್ಲವೆ?

ಅದಿರಲಿ. ಈ ಯಂತ್ರಗಳಿಗೆ ಬೇಕಾದ ನಾವಿಕ ಪ್ರೋಗ್ರಾಮುಗಳು ಆಗ ಎಲ್ಲಿದ್ದುವು? ತಯಾರಿಸಿದ ಸಂಸ್ಥೆಗಳೇ ಕಾರ್ಡುಗಳ ಕಟ್ಟನ್ನೂ ವಿವರಣೆಯ ಪುಸ್ತಕವನ್ನೂ ಕೂಡಿಸಿ ಮಾರುತ್ತಿದ್ದುವು. ಟಿ.ಐ. ೫೯ರ ಬೆನ್ನಿನಲ್ಲಿ ಒಂದು ಚಿಕ್ಕ ಕಿಂಡಿಯಿದ್ದು, ೫೦೦೦ ಹೆಜ್ಜೆಗಳವರೆಗಿನ ಪ್ರೋಗ್ರಾಮುಗಳನ್ನು ಶಾಶ್ವತವಾಗಿ ಕೆತ್ತಿದ ಒಂದು ತುಣುಕನ್ನು ಅದರಲ್ಲಿ ಕೂರಿಸಬಹುದಾಗಿತ್ತು. ನೌಕಾಯಾನಕ್ಕೆ ಒಂದು ತುಣುಕು, ವಿಮಾನಯಾನಕ್ಕೆ ಬೇರೊಂದು. ಎಚ್.ಪಿ. ೪೧ಕ್ಕೂ ಇಂಥ ತುಣುಕುಗಳಿದ್ದುವು. ಇವಲ್ಲದೆ, ಯಂತ್ರವನ್ನು ಕೊಂಡವರು ತಾವೇ ರಚಿಸಿ ಕಳುಹಿಸಿದ ಪ್ರೋಗ್ರಾಮುಗಳನ್ನು ಸಂಸ್ಥೆಗಳು ಸಂಗ್ರಹಿಸಿ, ಪಟ್ಟಿ ಮಾಡಿ, ಬೇಕೆಂದವರಿಗೆ ಅಲ್ಪ ಬೆಲೆಗೆ ಪ್ರತಿ ಮಾಡಿ ಕೊಡುತ್ತಿದ್ದುವು. ೧೯೭೪ರಲ್ಲಿ ರಿಚರ್ಡ್ ನೆಲ್ಸನ್ ಎಂಬವರು ಎಚ್.ಪಿ. ೬೫ರ ಬಳಕೆದಾರರ ಸಂಘವೊಂದನ್ನು ಕಟ್ಟಿ, ‘೬೫ ನೋಟ್ಸ್’ ಎಂಬ ಪತ್ರಿಕೆಯನ್ನು ಹೊರಡಿಸಿದರು. ಒಬ್ಬನು ಹತ್ತು ಹೆಜ್ಜೆಗಳಲ್ಲಿ ಮಾಡಿದುದನ್ನು ಇನ್ನೊಬ್ಬನು ಎಂಟರಲ್ಲಿ ಮಾಡಿ ತೋರಿಸುವುದು ಇಂಥ ಪತ್ರಿಕೆಗಳ ಸಂತೋಷವಾಗಿತ್ತು. ವೈಯಾಕರಣರು ಅರ್ಧಮಾತ್ರೆಯನ್ನು ಉಳಿಸಿದರೆ ಪುತ್ರೋತ್ಸವವನ್ನು ಆಚರಿಸಿದಷ್ಟು ಹಿಗ್ಗುವರೆಂಬ ಮಾತು ಇವರಿಗೂ ಸಲ್ಲುತ್ತದೆ. ಇವೆಲ್ಲಕ್ಕಿಂತ ಹೆಚ್ಚಾಗಿ, ಹಡಗಿನ ಅಧಿಕಾರಿಗಳು ರಾತ್ರಿಯ ಪಹರೆಯಲ್ಲಿ ತಾವೇ ಬರೆದು ನೋಟುಪುಸ್ತಕಗಳಲ್ಲಿ ಇಟ್ಟುಕೊಂಡವು ಎಷ್ಟೋ. ಬರೆದವನು ತೀರಿಕೊಂಡ ಮೇಲೆ ಮನೆಯವರು ಯಂತ್ರವನ್ನಾದರೂ ಬೆಲೆಬಾಳುವ ವಸ್ತುವೆಂದು ಇಟ್ಟುಕೊಂಡಾರು; ಅಂಕಿಗಳು ತುಂಬಿದ ನೋಟುಪುಸ್ತಕವು ರದ್ದಿಗೆ ಹೋಗುತ್ತದೆ. ನಮ್ಮ ಕಡೆ ತಾಳೆಗರಿಯ ಕಟ್ಟುಗಳು ಒಲೆಗೆ ಹೋದ ಕಥೆಯನ್ನು ಬಲ್ಲವರಿಗೆ ಇದನ್ನು ವಿಸ್ತರಿಸಿ ಹೇಳಬೇಕಾಗಿಲ್ಲ.

ಫಾಲ್ಮತ್ತಿನ ವೃದ್ಧನಿಗೆ ಮೊದಲು ಎದುರಾದ ವಿಘ್ನವು ಕಾರ್ಡುಗಳದ್ದಲ್ಲ, ಕಾರ್ಡನ್ನು ಎಳೆದುಕೊಳ್ಳುವ ಬಾಯಿಯದು. ಒಳಗಿರುವ ಚಿಕ್ಕ ರಬ್ಬರಿನ ಉರುಳೆಯು ಕಾಲಾಂತರದಲ್ಲಿ ಕರಗಿ ಬೆಲ್ಲದ ಪಾಕದಂತೆ ಅಂಟಾಗಿಬಿಡುವುದು ಈ ಜಾತಿಯ ಯಂತ್ರಗಳ ಸಾಮಾನ್ಯ ರೋಗ. ಅದನ್ನು ಕೆರೆದು ತೆಗೆದು, ಹೊಸ ರಬ್ಬರಿನ ಕೊಳವೆಯಿಂದ ಕತ್ತರಿಸಿದ ಬಳೆಯೊಂದನ್ನು ತೊಡಿಸಿದರೆ ಅನೇಕ ಯಂತ್ರಗಳು ಮತ್ತೆ ಓದುತ್ತವೆ. ಹೀಗೆ ಬಾಯಿ ಸರಿಯಾಗುವವರೆಗೆ ಅವನು ಪ್ರೋಗ್ರಾಮನ್ನು ಕೈಯಿಂದಲೇ ಒತ್ತಿ ತುಂಬಬೇಕಾಯಿತು. ಈ ಯಂತ್ರಕ್ಕೆ ಸ್ಥಿರವಾದ ನೆನಪಿಲ್ಲ. ಆರಿಸಿದೊಡನೆ ಕಲಿತುದೆಲ್ಲವನ್ನೂ ಮರೆಯುತ್ತದೆ. ಇನ್ನೂರು ಚಿಲ್ಲರೆ ಹೆಜ್ಜೆಗಳನ್ನು ಒತ್ತಿ ಮುಗಿಸಿದ ಮೇಲೆ, ಊಟಕ್ಕೆ ಕರೆ ಬಂದಿತೆಂದು ಅಭ್ಯಾಸಬಲದಿಂದ ಆರಿಸಿ ಎದ್ದು ಹೋದರೆ, ಹಿಂದಿರುಗಿ ಬಂದು ಮತ್ತೆ ಮೊದಲಿನಿಂದ!

ಹಳೆಯ ಪುಸ್ತಕಗಳ ಅಂಗಡಿಗಳಿಂದಲೂ, ಅಚ್ಚಾದ ಪಟ್ಟಿಗಳ ಛಾಯಾಪ್ರತಿಗಳನ್ನು ಹಂಚಿಕೊಳ್ಳುವ ಸಂಗ್ರಾಹಕರಿಂದಲೂ ಅವನಿಗೆ ಪ್ರೋಗ್ರಾಮುಗಳು ಒಂದೊಂದಾಗಿ ದೊರೆತುವು. ದೊರೆಯುವುದು ಬೇರೆ, ತಿಳಿಯುವುದು ಬೇರೆ. ಪಟ್ಟಿಯಲ್ಲಿರುವುದು ಬರಿಯ ಅಂಕಿಗಳ ಜೋಡಿಗಳು. ಎಚ್.ಪಿ. ೬೭ರಲ್ಲಿ ಗುಂಡಿಯು ಮೇಲಿನಿಂದ ಎಷ್ಟನೆಯ ಸಾಲಿನಲ್ಲಿ, ಎಡದಿಂದ ಎಷ್ಟನೆಯದು ಎಂಬುದೇ ಅದರ ಸಂಕೇತ. ಮೂರನೆಯ ಸಾಲಿನ ಮೂರನೆಯದು ೩೩, ‘ಸಂಖ್ಯೆಯನ್ನು ಉಗ್ರಾಣದಲ್ಲಿಡು’ ಎಂದರ್ಥ. ಅದರ ಪಕ್ಕದ್ದು ೩೪, ‘ಉಗ್ರಾಣದಿಂದ ತೆಗೆ’ ಎಂದರ್ಥ. ಟಿ.ಐ. ೫೯ರಲ್ಲಿಯಾದರೋ ೩೩ ಎಂದರೆ ವರ್ಗ ಮಾಡು, ೩೪ ಎಂದರೆ ವರ್ಗಮೂಲವನ್ನು ತೆಗೆ. ಯಾವ ಯಂತ್ರದ ಪಟ್ಟಿಯೆಂಬುದನ್ನು ಬರೆದಿರುವ ಮೊದಲ ಪುಟವು ಹರಿದುಹೋಗಿದ್ದರೆ, ಓದುಗನು ಇಡಬೇಕಾದುದನ್ನು ವರ್ಗಿಸಿ, ತೆಗೆಯಬೇಕಾದುದರ ಮೂಲವನ್ನು ಹುಡುಕುತ್ತ ಕುಳಿತಾನು. ಆರ್ಯಭಟನು ಇಪ್ಪತ್ತನಾಲ್ಕು ಜ್ಯಾಖಂಡಗಳನ್ನು ಒಂದೇ ಶ್ಲೋಕದಲ್ಲಿ ಅಡಕಮಾಡಿದ್ದಾನೆ. ಅವನ ಅಕ್ಷರಸಂಖ್ಯೆಯ ಪರಿಭಾಷೆಯನ್ನು ಅರಿತವನಿಗೆ ಅದು ನಿಧಿ. ಅರಿಯದವನಿಗೆ ನಾಲಿಗೆಗೆ ಸಿಕ್ಕದ ಅಕ್ಷರಗಳ ರಾಶಿ. ಆ ಗ್ರಂಥಕ್ಕೆ ಭಾಷ್ಯಕಾರರಿದ್ದರು, ಗುರುಪರಂಪರೆಯಿತ್ತು. ಈ ಪಟ್ಟಿಗಳಿಗೆ ಪರಂಪರೆಯು ಹತ್ತು ಹದಿನೈದು ವರ್ಷಗಳಿಗೇ ಕಡಿದುಹೋಯಿತು.

ಆದುದರಿಂದ ದೊರೆತ ಪ್ರೋಗ್ರಾಮನ್ನು ಪರೀಕ್ಷಿಸದೆ ನಂಬಕೂಡದು. ಪರೀಕ್ಷೆಯ ಕ್ರಮವು ಸುಲಭವಾದುದೇ. ಅಕ್ಷಾಂಶ ಉತ್ತರ ೫೦, ಕ್ರಾಂತಿ ಉತ್ತರ ೨೦, ಹೋರಾಕೋನ ಸೊನ್ನೆ ಎಂದು ಕೊಟ್ಟರೆ ಉನ್ನತಾಂಶವು ಸರಿಯಾಗಿ ೬೦ ಬರಬೇಕು. ಏಕೆಂದರೆ ಸೂರ್ಯನು ಮಧ್ಯಾಹ್ನರೇಖೆಯ ಮೇಲಿರುವಾಗ ಖಮಧ್ಯದಿಂದ ಅವನ ದೂರವು ಅಕ್ಷಾಂಶಕ್ಕೂ ಕ್ರಾಂತಿಗೂ ಇರುವ ಅಂತರವೇ. ಹೋರಾಕೋನವನ್ನು ೩೦ ಎಂದು ಕೊಟ್ಟರೆ ೫೧ ಡಿಗ್ರಿ ೪೩.೮ ಕಲೆ ಬರಬೇಕು. ಇಲ್ಲಿಯೂ ಒಂದು ಹೊಂಡವಿದೆ. ನಾವಿಕನು ಕಲೆಗಳನ್ನು ದಶಾಂಶದಲ್ಲಿ ಬರೆಯುತ್ತಾನೆ; ಯಂತ್ರವಾದರೋ ಡಿಗ್ರಿಯ ಚುಕ್ಕೆಯ ಮುಂದೆ ಎರಡು ಸ್ಥಾನಗಳಲ್ಲಿ ಕಲೆಗಳನ್ನೂ ಮುಂದಿನ ಎರಡರಲ್ಲಿ ವಿಕಲೆಗಳನ್ನೂ ಕೇಳುತ್ತದೆ. ೪೩.೮ ಕಲೆ ಎಂದರೆ ೪೩ ಕಲೆ ೪೮ ವಿಕಲೆ; ಒತ್ತಬೇಕಾದುದು ೫೧.೪೩೪೮, ೫೧.೪೩೮ ಅಲ್ಲ.

ಇನ್ನೊಂದು ಹೊಂಡವು ರೇಖಾಂಶದ ಧನಋಣಗಳದ್ದು. ಗ್ರೀನಿಚ್ಚಿನ ಪಶ್ಚಿಮಕ್ಕಿರುವುದನ್ನು ಧನವೆಂದೂ ಪೂರ್ವಕ್ಕಿರುವುದನ್ನು ಋಣವೆಂದೂ ಅನೇಕರು ಹಿಡಿದರು. ಇನ್ನು ಕೆಲವರು ಅದಕ್ಕೆ ವಿರುದ್ಧವಾಗಿ ಹಿಡಿದರು. ಪಟ್ಟಿಯಲ್ಲಿ ಈ ಸಂಕೇತವನ್ನು ಹೇಳಿರದಿದ್ದರೆ ಪರಿಣಾಮವೇನಾಗುವುದೆಂಬುದಕ್ಕೆ ನಮ್ಮ ಕರಾವಳಿಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಮಂಗಳೂರಿನ ರೇಖಾಂಶವು ಪೂರ್ವ ೭೪ ಡಿಗ್ರಿ ೫೦ ಕಲೆಗಳ ಸುಮಾರು. ಚಿಹ್ನೆಯೊಂದು ತಿರುಗಿದರೆ ಮಂಗಳೂರು ಕೆರಿಬಿಯನ್ ಸಮುದ್ರದಲ್ಲಿ, ದಕ್ಷಿಣ ಅಮೆರಿಕದ ತೀರಕ್ಕೆ ಸಮೀಪವಾಗಿ, ತೇಲುತ್ತಿರುತ್ತದೆ. ಇಷ್ಟು ದೊಡ್ಡ ತಪ್ಪು ಕಣ್ಣಿಗೆ ಬೀಳುತ್ತದೆ, ಆದುದರಿಂದ ಅಪಾಯವಿಲ್ಲ. ಚಿಕ್ಕ ತಪ್ಪೇ ಹಡಗನ್ನು ಬಂಡೆಗೆ ಒಯ್ಯುವುದು.

ಎಲ್ಲಕ್ಕಿಂತ ಕಷ್ಟದ ಪ್ರಶ್ನೆಯೆಂದರೆ ಸೂರ್ಯನ ಕ್ರಾಂತಿಯು ಎಲ್ಲಿಂದ ಬರಬೇಕೆಂಬುದು. ಇಂಗ್ಲೆಂಡಿನಲ್ಲಿ ನೆವಿಲ್ ಮ್ಯಾಸ್ಕೆಲಿನನು ೧೭೬೭ನೆಯ ವರ್ಷಕ್ಕೆ ಮೊದಲು ಪ್ರಕಟಿಸಿದ ನಾವಿಕ ಪಂಚಾಂಗವು ಇಂದಿಗೂ ವರ್ಷವರ್ಷವೂ ಬರುತ್ತಿದೆ. ಅದನ್ನು ನೋಡಿ ಅಂಕಿಗಳನ್ನು ಒತ್ತುವುದು ಒಂದು ಮಾರ್ಗ. ಪಂಚಾಂಗವನ್ನೇ ಪ್ರೋಗ್ರಾಮಿನೊಳಗೆ ತುಂಬುವುದು ಮತ್ತೊಂದು. ಬೆಲ್ಜಿಯಮ್ಮಿನ ಜ್ಯಾನ್ ಮೇಯುಸ್ ಎಂಬ ವಿದ್ವಾಂಸನು ೧೯೭೯ರಲ್ಲಿ ಕ್ಯಾಲ್ಕ್ಯುಲೇಟರುಗಳಿಗಾಗಿಯೇ ಖಗೋಳಸೂತ್ರಗಳ ಗ್ರಂಥವೊಂದನ್ನು ಪ್ರಕಟಿಸಿದನು. ಅಮೆರಿಕದ ನೌಕಾ ವೇಧಶಾಲೆಯೂ ಆ ದಶಕದ ಕೊನೆಯಿಂದ ಗಣಕಗಳಿಗೆ ಹೊಂದುವ ಪಂಚಾಂಗವನ್ನು ಕೆಲವು ಕಾಲ ಪ್ರಕಟಿಸಿತು. ಇಂಥ ಪ್ರೋಗ್ರಾಮನ್ನು ಬಿಡಿಸಿ ನೋಡಿದರೆ ಒಳಗೆ ಕಾಣುವುದೇನು? ಗೊತ್ತಾದ ಒಂದು ದಿನದಿಂದ ಇಂದಿನವರೆಗಿನ ದಿನಗಳ ಎಣಿಕೆ, ಅದರಿಂದ ಮಧ್ಯಮ ಸೂರ್ಯ, ಮಂದಕೇಂದ್ರ, ಮಂದಫಲವನ್ನು ಕೂಡಿಸಿ ಸ್ಫುಟ ಸೂರ್ಯ, ಕೊನೆಗೆ ಕ್ರಾಂತಿ. ಅಹರ್ಗಣದಿಂದ ಹೊರಟು ಸ್ಫುಟಕ್ಕೆ ಬರುವ ಈ ದಾರಿಯು ಪಾಠಶಾಲೆಯಲ್ಲಿ ಓದಿದವರಿಗೆ ಅಂಗಳದಷ್ಟು ಪರಿಚಿತವಾದುದು. ಸೃಷ್ಟ್ಯಾದಿಯಿಂದ ಎಣಿಸಿದರೆ ಅಂಕಿಗಳು ಬೆಳೆಯುವುವೆಂದು ಕರಣಗ್ರಂಥಕಾರರು ಹತ್ತಿರದ ಕಾಲವೊಂದನ್ನು ಆದಿಯಾಗಿ ಇಟ್ಟುಕೊಂಡರು. ಭಾಸ್ಕರನ ಕರಣಕುತೂಹಲಕ್ಕೆ ೧೧೮೩, ಗಣೇಶದೈವಜ್ಞನ ಗ್ರಹಲಾಘವಕ್ಕೆ ೧೫೨೦. ಗಣೇಶನಂತೂ ಲೆಕ್ಕವನ್ನು ಹಗುರಗೊಳಿಸಲು ಜ್ಯೆಗಳನ್ನೇ ಬಿಟ್ಟುಬಿಟ್ಟನು. ಇಷ್ಟೇ ಹೆಜ್ಜೆಗಳೊಳಗೆ ಸೂರ್ಯನನ್ನು ಹಿಡಿಯಬೇಕೆಂದು ಹೆಣಗಿದ ಅಮೆರಿಕದ ನಾವಿಕನು ಅವನನ್ನು ಕಂಡಿದ್ದರೆ ಕೈಹಿಡಿದು ಕುಶಲ ಕೇಳುತ್ತಿದ್ದನು.

ಕರಣಗ್ರಂಥಗಳಿಗೆ ಬೀಜಸಂಸ್ಕಾರವು ಬೇಕಾಗುವಂತೆ ಈ ಪ್ರೋಗ್ರಾಮುಗಳಿಗೂ ಆಯುಸ್ಸುಂಟು. ದಿನಗಳನ್ನು ಎಣಿಸುವ ಚಿಕ್ಕ ಸೂತ್ರಗಳು, ನಾಲ್ಕರಿಂದ ಭಾಗವಾಗುವ ವರ್ಷವೆಲ್ಲವೂ ಅಧಿಕವರ್ಷವೆಂದು ನಂಬಿದವುಗಳಾದುದರಿಂದ, ೧೯೦೦ರ ಮಾರ್ಚಿಯಿಂದ ೨೧೦೦ರ ಫೆಬ್ರವರಿಯವರೆಗೆ ಮಾತ್ರ ಸರಿಯಾಗಿರುತ್ತವೆ. ಸೂರ್ಯನಿಗೆ ಬಳಸುವ ಸಂಕ್ಷಿಪ್ತ ಸೂತ್ರವೊಂದು ೧೯೫೦ರಿಂದ ೨೦೫೦ರವರೆಗೆ ಡಿಗ್ರಿಯ ನೂರರಲ್ಲೊಂದು ಭಾಗದಷ್ಟು ನಿಖರವೆಂದು ಪಂಚಾಂಗಕಾರರು ಹೇಳಿದ್ದಾರೆ. ಎಂದರೆ ಅರ್ಧ ಮೈಲಿಗೆ ತುಸು ಹೆಚ್ಚು. ವೃದ್ಧ ನಾವಿಕನಿಗೆ ಅಷ್ಟು ಸಾಲುತ್ತದೆ.

ಉಪಗ್ರಹಗಳಿರುವಾಗ ಈ ಪ್ರಯಾಸವೇಕೆಂಬ ಪ್ರಶ್ನೆಯು ಏಳುವುದು ಸಹಜ. ಜಿ.ಪಿ.ಎಸ್. ವ್ಯವಸ್ಥೆಯ ಮೊದಲ ಉಪಗ್ರಹವು ೧೯೭೮ರಲ್ಲಿ ಮೇಲೇರಿತು. ೧೯೯೫ರಲ್ಲಿ ವ್ಯವಸ್ಥೆಯು ಪೂರ್ಣವಾಯಿತು. ಜನಸಾಮಾನ್ಯರ ಪಾಲಿಗೆ ಬುದ್ಧಿಪೂರ್ವಕವಾಗಿ ಸೇರಿಸುತ್ತಿದ್ದ ತಪ್ಪನ್ನು ೨೦೦೦ದ ಮೇ ೨ರಂದು ನಿಲ್ಲಿಸಿದರು. ಇಂದು ಜೇಬಿನ ಫೋನು ಕೆಲವು ಮೀಟರುಗಳೊಳಗೆ ಸ್ಥಾನವನ್ನು ಹೇಳುತ್ತದೆ. ಅಮೆರಿಕದ ನೌಕಾ ಅಕಾಡೆಮಿಯು ೧೯೯೮ರಲ್ಲಿ ನಕ್ಷತ್ರನೌಕಾಯಾನದ ಕಡ್ಡಾಯ ಪಾಠವನ್ನು ಕೈಬಿಟ್ಟುದು ಈ ಭರವಸೆಯಿಂದಲೇ. ಅದೇ ಅಕಾಡೆಮಿಯು ೨೦೧೫ರಲ್ಲ ಆ ಪಾಠವನ್ನು ಮತ್ತೆ ಆರಂಭಿಸಿತು. ಉಪಗ್ರಹದ ಸಂಜ್ಞೆಯನ್ನು ವೈರಿಯು ಅಡಗಿಸಬಹುದು, ಸುಳ್ಳು ಸಂಜ್ಞೆಯನ್ನೂ ಕಳುಹಿಸಬಹುದೆಂಬ ಅರಿವು ಅಷ್ಟರಲ್ಲಿ ಮೂಡಿತ್ತು. ಫಾಲ್ಮತ್ತಿನ ವೃದ್ಧನಿಗಾದರೋ ವೈರಿಗಳ ಚಿಂತೆಯಿಲ್ಲ. ತಾನು ಒಮ್ಮೆ ಬಲ್ಲವನಾಗಿದ್ದುದನ್ನು ಈಗಲೂ ಬಲ್ಲೆನೇ ಎಂಬುದಷ್ಟೇ ಅವನಿಗೆ ತಿಳಿಯಬೇಕಾಗಿತ್ತು.

ಮೇ ತಿಂಗಳ ಮೂರನೆಯ ವಾರದ ಒಂದು ಬೆಳಗ್ಗೆ ಅವನು ಸೆಕ್ಸ್‌ಟೆಂಟನ್ನೂ ಯಂತ್ರವನ್ನೂ ಎತ್ತಿಕೊಂಡು ಕಡಲದಂಡೆಗೆ ಹೋದನು. ಸೂರ್ಯನು ಆಗ್ನೇಯದಲ್ಲಿದ್ದನು, ಅವನ ಕೆಳಗೆ ದಿಗಂತವು ಗೆರೆ ಎಳೆದಂತಿತ್ತು. ದಂಡೆಯ ಕಟ್ಟೆಯ ಮೇಲೆ ನಿಂತಾಗ ಅವನ ಕಣ್ಣು ನೀರಿನಿಂದ ನಾಲ್ಕು ಮೀಟರು ಮೇಲಿದ್ದಿತು. ಸೂರ್ಯಬಿಂಬದ ಕೆಳಗಂಚನ್ನು ದಿಗಂತಕ್ಕೆ ತಾಗಿಸಿ, ವೇಳೆಯನ್ನು ಬರೆದುಕೊಂಡು, ಯಂತ್ರವು ಕೇಳುವ ಕ್ರಮದಲ್ಲಿ ಒಂದೊಂದನ್ನೇ ಕೊಟ್ಟನು. ಕಣ್ಣಿನ ಎತ್ತರಕ್ಕೆ ೪ ಎಂದು ಒತ್ತಿದನು. ಬಿಂಬಾರ್ಧವನ್ನೂ ವಾಯುವಿನ ವಕ್ರೀಭವನವನ್ನೂ ಯಂತ್ರವು ತಾನೇ ಸರಿಪಡಿಸಿಕೊಂಡು, ಕೆಲವು ಕ್ಷಣಗಳ ಕಾಲ ಕೆಂಪಗೆ ಮಿಣುಕಿ, ಉತ್ತರವನ್ನು ತೋರಿಸಿತು. ಅದರ ಪ್ರಕಾರ ಅವನು ಎರಡು ಮೈಲಿಗಳಷ್ಟು ಆಗ್ನೇಯಕ್ಕೆ, ಎಂದರೆ ನೀರಿನಲ್ಲಿದ್ದನು. ಅವನ ಕಾಲ ಕೆಳಗೆ ಕಲ್ಲಿನ ಕಟ್ಟೆಯಿತ್ತು.

ಮತ್ತೆ ಅಳೆದನು. ಮತ್ತೆ ನೀರಿನಲ್ಲಿಯೇ. ಕೈ ನಡುಗಿತೆ, ಕಣ್ಣು ಮಂಜಾಯಿತೆ ಎಂಬ ಸಂಶಯವು ವೃದ್ಧನನ್ನು ಹಿಡಿಯುವುದಕ್ಕೆ ಇಷ್ಟು ಸಾಕು. ಮನೆಗೆ ಬಂದು ಇನ್ನೂರು ಹೆಜ್ಜೆಗಳನ್ನೂ ಪಟ್ಟಿಯೊಡನೆ ತಾಳೆನೋಡಿದನು, ತಪ್ಪಿಲ್ಲ. ಪರೀಕ್ಷೆಯ ಲೆಕ್ಕವನ್ನು ಕೊಟ್ಟನು. ೫೧ ಡಿಗ್ರಿ ೪೩.೮ ಕಲೆ ಸರಿಯಾಗಿಯೇ ಬಂದಿತು. ಕೊನೆಗೆ ಪಟ್ಟಿಯನ್ನು ಬಿಟ್ಟು, ಸಂಜೆಯ ಹೊತ್ತಿನಲ್ಲಿ ಒಂದೊಂದು ಹೆಜ್ಜೆಗೂ ಅರ್ಥವನ್ನು ಬರೆಯುತ್ತ ಕುಳಿತನು. ದಿಗಂತವು ಕಣ್ಣಿನ ಮಟ್ಟಕ್ಕಿಂತ ತಗ್ಗಿ ಕಾಣುವುದಕ್ಕೆ ಮಾಡಬೇಕಾದ ಸಂಸ್ಕಾರದ ಹೆಜ್ಜೆಗಳು ಬಂದುವು. ಎತ್ತರದ ವರ್ಗಮೂಲವನ್ನು ತೆಗೆದು ಪಟ್ಟಿಯು ಅದನ್ನು ೦.೯೭ರಿಂದ ಗುಣಿಸುತ್ತಿತ್ತು. ಎತ್ತರವು ಮೀಟರುಗಳಲ್ಲಿದ್ದರೆ ಗುಣಕವು ೧.೭೬ ಆಗಿರಬೇಕು, ೦.೯೭ ಅಡಿಗಳ ಗುಣಕ. ಪ್ರೋಗ್ರಾಮನ್ನು ಬರೆದವನು ಅಮೆರಿಕದವನು. ಅಡಿಗಳಲ್ಲದೆ ಬೇರೆ ಅಳತೆಯು ಅವನ ಮನಸ್ಸಿಗೇ ಬಂದಿರಲಿಲ್ಲವಾಗಿ, ಅದನ್ನು ಬರೆಯಬೇಕೆಂದೂ ತೋರಿರಲಿಲ್ಲ. ಅಂಕಿಗಳನ್ನು ಮಾತ್ರ ಬಲ್ಲ ಯಂತ್ರಕ್ಕೆ ‘ಎಷ್ಟು ಅಡಿ?’ ಎಂದು ಕೇಳುವ ಬಾಯಿಯೂ ಇರಲಿಲ್ಲ. ನಾಲ್ಕು ಮೀಟರನ್ನು ನಾಲ್ಕು ಅಡಿಯೆಂದು ಹಿಡಿದುದರಿಂದ ಮೂರೂವರೆ ಕಲೆಗಳ ಬದಲಿಗೆ ಎರಡು ಕಲೆಗಳೊಳಗೇ ಕಳೆದು, ಉನ್ನತಾಂಶವು ಒಂದೂವರೆ ಕಲೆಗೆ ತುಸು ಹೆಚ್ಚಾಗಿ ಏರಿ, ಅಷ್ಟು ಮೈಲಿ ಅವನನ್ನು ಸೂರ್ಯನ ಕಡೆಗೆ ತಳ್ಳಿತ್ತು.

ಬೆಳಗಿನ ಅಳತೆಗಳನ್ನೇ ತೆಗೆದುಕೊಂಡು, ಎತ್ತರವನ್ನು ೧೩ ಎಂದು ಒತ್ತಿ, ಅವನು ಮತ್ತೆ ಗಣಿಸಿದನು. ಈ ಸಲ ರೇಖೆಯು ಕಟ್ಟೆಯಿಂದ ಅರ್ಧ ಮೈಲಿಯೊಳಗೆ ಬಂದಿತು. ಅಷ್ಟು ತಪ್ಪು ಅವನ ಕೈಯದೋ ಪ್ರೋಗ್ರಾಮಿನೊಳಗಣ ಸೂರ್ಯನದೋ ಹೇಳಬರುವಂತಿಲ್ಲ. ಅವನು ಪಟ್ಟಿಯ ಅಂಚಿನಲ್ಲಿ, ಆ ಹೆಜ್ಜೆಯ ಎದುರಿಗೆ, ‘ಎತ್ತರವು ಅಡಿಗಳಲ್ಲಿ’ ಎಂದು ಶಾಯಿಯಿಂದ ಬರೆದು, ಕೆಳಗೆ ತಾರೀಖನ್ನು ಹಾಕಿದನು. ಆಮೇಲೆ ಹಳೆಯ ಅಭ್ಯಾಸದಂತೆ ಯಂತ್ರವನ್ನು ಆರಿಸಿದನು. ಪ್ರೋಗ್ರಾಮನ್ನು ಕಾರ್ಡಿಗೆ ಬರೆದುಕೊಂಡಿರಲಿಲ್ಲವೆಂಬುದು ನೆನಪಿಗೆ ಬಂದುದು ದೀಪವು ಆರಿದ ಮೇಲೆ.